ಕಡಲಿಗೆ ಹೋಗುವ ದಾರಿ ಯಾರದು?

ತಿಪಟೂರಿನ ನಡುವೆ ಹಾದುಹೋಗುವ ಹೆದ್ದಾರಿಯನ್ನು ನಾವೆಲ್ಲ ಬಿ.ಎಚ್. ರಸ್ತೆ ಎಂದೇ ಕರೆಯುತ್ತೇವೆ. ಅಂಗಡಿಯ ಬೋರ್ಡಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಕೊಬ್ಬರಿ ಮಂಡಿಯ ಚೀಟಿಯಲ್ಲಿ ಈ ಎರಡಕ್ಷರ ಇದ್ದೇ ಇರುತ್ತದೆ. ಬಿ ಎಂದರೆ ಬೆಂಗಳೂರು ಎಂಬುದು ಎಲ್ಲರಿಗೂ ಗೊತ್ತು. ಎಚ್ ಎಂದರೆ ಹೊನ್ನಾವರ ಎಂಬುದು ಬಹಳ ಮಂದಿಗೆ ಮರೆತೇ ಹೋಗಿದೆ. ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆಯ ಘಟ್ಟ ಇಳಿದು ಈ ರಸ್ತೆ ಶರಾವತಿ ಸಮುದ್ರ ಸೇರುವ ಊರಿಗೆ ಹೋಗಿ ಮುಟ್ಟುತ್ತದೆ. ಹೆದ್ದಾರಿಯ ಸಂಖ್ಯೆ ಬದಲಾಗಿದೆ, ರಸ್ತೆ ಅಗಲವಾಗಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಬಯಲುಸೀಮೆಯ ನಮ್ಮ ಮನೆಯ ಮುಂದಿನ ದಾರಿ ಕೊನೆಗೆ ಕಡಲಿಗೇ ಹೋಗುತ್ತದೆ ಎಂದು ಆ ಹೆಸರು ದಿನವೂ ನೆನಪಿಸುತ್ತಿದೆ.

ಕಡಲತೀರದಲ್ಲಿ ಏಳುತ್ತಿರುವ ರೆಸಾರ್ಟುಗಳ ಬಗ್ಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನ ಯಾಕೆ ಮಾತಾಡಬೇಕು ಎಂದು ಯಾರಾದರೂ ಕೇಳಬಹುದು. ಕಡಲಿಲ್ಲದ ಊರಿನವರಿಗೆ ಕಡಲಿನ ಉಸಾಬರಿ ಏಕೆ? ನಮ್ಮ ಉತ್ತರ ಸರಳ. 'ಸಾರ್ವಜನಿಕ ಕಡಲತೀರ' ಎನ್ನುವಾಗ ಆ ಸಾರ್ವಜನಿಕರು ಯಾರು? ತೀರದ ಮೀನುಗಾರರು ಮೊದಲನೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಕ್ಕೊಮ್ಮೆಯೋ ಬದುಕಿಗೊಮ್ಮೆಯೋ ಚಿತ್ರಾನ್ನ, ಚಪಾತಿ, ಬಿರಿಯಾನಿಯ ಡಬ್ಬ ಕಟ್ಟಿಕೊಂಡು ಬಾಡಿಗೆ ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ, ಬೆಳಿಗ್ಗೆ ಮೊದಲ ಸಲ ಕಡಲನ್ನು ಕಂಡು ಮಾತು ಮರೆತು ನಿಲ್ಲುವ ಬಯಲುಸೀಮೆಯವರೂ ಸಾರ್ವಜನಿಕರೇ. ತೋಟದ ಕೂಲಿಯವರು, ನಾರಿನ ಕಾರ್ಖಾನೆಯ ಹೆಂಗಸರು, ಸರ್ಕಾರಿ ಶಾಲೆಯ ಮಕ್ಕಳು ಯಾರೂ ರೆಸಾರ್ಟಿನ ಕೋಣೆ ಹಿಡಿಯುವವರಲ್ಲ. ಅವರಿಗೆ ಬೇಕಾದದ್ದು ಒಂದು ದಾರಿ, ಒಂದಿಷ್ಟು ಮರಳು, ಹೆಂಗಸರು ಬಟ್ಟೆ ಬದಲಿಸಲು ಮರೆ, ಕುಡಿಯಲು ನೀರು. ಆ ದಾರಿ ಮುಚ್ಚಿದರೆ ನಷ್ಟ ನಮಗೂ ಇದೆ.

ರೆಸಾರ್ಟುಗಳ ಜಾಹೀರಾತನ್ನು ಒಮ್ಮೆ ಗಮನಿಸಿ ನೋಡೋಣ. ಚಿತ್ರದಲ್ಲಿ ನೀಲಿ ನೀರು, ಬಿಳಿ ಮರಳು, ಬಾಗಿದ ಒಂದು ತೆಂಗಿನ ಮರ. ಮನುಷ್ಯರು ಇಲ್ಲ, ಇದ್ದರೆ ಇಬ್ಬರೇ. ದೋಣಿಯೊಂದಿದ್ದರೂ ಅದರಲ್ಲಿ ಬಲೆ ಇಲ್ಲ, ಮೀನಿಲ್ಲ, ಬೆವರಿಲ್ಲ. ಈ ಖಾಲಿತನವನ್ನೇ ಅವರು ಮಾರುವುದು. ಆದರೆ ನಮ್ಮ ಕರಾವಳಿ ಎಂದೂ ಖಾಲಿಯಾಗಿರಲಿಲ್ಲ. ಕರ್ನಾಟಕದ ಸುಮಾರು 320 ಕಿಲೋಮೀಟರ್ ಉದ್ದದ ತೀರ ಮೂರು ಜಿಲ್ಲೆಗಳಲ್ಲಿ ಹಬ್ಬಿದೆ. ಅದರ ಮರಳು ಮೀನುಗಾರರಿಗೆ ಅಂಗಳವೂ ಹೌದು, ಕಣವೂ ಹೌದು. ಹತ್ತಾರು ಜನ ಸಾಲಾಗಿ ನಿಂತು ದಡಕ್ಕೆ ಎಳೆಯುವ ರಂಪಣಿ ಬಲೆಗೆ ಉದ್ದನೆಯ ತೆರೆದ ತೀರವೇ ಬೇಕು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿಗಳು ಸೊರಗಿದವು. ಚಿಕ್ಕ ಕೈರಂಪಣಿ ಇನ್ನೂ ಉಳಿದಿದೆ. ದೋಣಿ ಎಳೆದಿಡುವುದು, ಬಲೆ ಹರಡಿ ಹೊಲಿಯುವುದು, ಮೀನು ಒಣಗಿಸುವುದು ಎಲ್ಲವೂ ಮರಳಿನ ಮೇಲೆಯೇ. ನಮ್ಮಲ್ಲಿ ರಾಗಿ ಒಕ್ಕುವ ಕಣವನ್ನು ಯಾರಾದರೂ 'ಖಾಲಿ ಜಾಗ' ಎಂದು ಕರೆದರೆ ಹೇಗಿರುತ್ತದೆಯೋ, ಒಣಮೀನಿನ ತೀರವನ್ನು 'ಬಳಕೆಯಾಗದ ಕಡಲತೀರ' ಎನ್ನುವುದೂ ಹಾಗೆಯೇ.

ಜಾಹೀರಾತಿನ ಆ ತೆಂಗಿನ ಮರದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ನಮ್ಮ ಮರ. ಅದರ ಕಥೆ ನಮಗೆ ಗೊತ್ತು. ನಮ್ಮಲ್ಲಿ ಮರಕ್ಕೆ ಬೆಲೆ ಬರುವುದು ಕಾಯಿಯಿಂದ. ಬಲಿತ ಕಾಯಿ ಅಟ್ಟ ಸೇರಿ, ತಿಂಗಳುಗಟ್ಟಲೆ ಒಣಗಿ, ಒಳಗೇ ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಬರುತ್ತದೆ. ರೆಸಾರ್ಟುಗಳಲ್ಲಿ ಕಾಯಿ ಅತಿಥಿಗಳ ತಲೆಯ ಮೇಲೆ ಬೀಳದಿರಲೆಂದು ಬಲಿಯುವ ಮುಂಚೆಯೇ ಕೀಳಿಸುವುದು ರೂಢಿ. ಅಲ್ಲಿ ಮರ ಬೇಕು, ಫಲ ಬೇಡ. ತೀರದ ಜನರ ಬಗ್ಗೆಯೂ ಇದೇ ಧೋರಣೆ ಕಾಣುತ್ತದೆ. ಕರಾವಳಿಯ ಊಟ ಬೇಕು, ಯಕ್ಷಗಾನದ ಒಂದು ತುಣುಕು ಬೇಕು, ದೋಣಿಯ ಚಿತ್ರ ಬೇಕು. ಬೆಳಗಿನ ಜಾವ ಬಲೆ ಹೊತ್ತು ಬರುವ ಮನುಷ್ಯ ಮಾತ್ರ ಅತಿಥಿಗಳ ಕಣ್ಣಿಗೆ ಬೀಳಬಾರದು.

'ಖಾಸಗಿ ಬೀಚ್' ಎಂಬ ಮಾತು ಈ ಧೋರಣೆಯ ತುತ್ತತುದಿ. ಭರತದ ನೀರು ಮುಟ್ಟಿ ಹೋಗುವ ಮರಳು ಯಾರ ಪಹಣಿಯಲ್ಲೂ ಬರುವಂಥದ್ದಲ್ಲ. ಅದು ಎಲ್ಲರದು. ಹಾಗಾದರೆ ರೆಸಾರ್ಟಿನವರು ಅದನ್ನು ಖಾಸಗಿ ಎಂದು ಹೇಗೆ ಮಾರುತ್ತಾರೆ? ಮರಳನ್ನು ಕೊಂಡು ಅಲ್ಲ, ಮರಳಿಗೆ ಹೋಗುವ ದಾರಿಯನ್ನು ಕೊಂಡು. ಹಿಂದಿನ ಜಮೀನೆಲ್ಲ ಒಬ್ಬರ ಕೈಗೆ ಸೇರಿ ಗೋಡೆ ಎದ್ದರೆ, ಒಂದಡಿ ಮರಳಿಗೂ ಬೆಲೆ ತೆರದೆ ಇಡೀ ಕಡಲತೀರ ಅವರದಾಗುತ್ತದೆ. ಇದರ ವಿದ್ಯೆ ನಮ್ಮ ಸೀಮೆಯವರಿಗೆ ಹೊಸದೇನಲ್ಲ. ಮುಂದಿನ ತೋಟದವನು ಬಂಡಿದಾರಿಗೆ ಮುಳ್ಳು ಹಾಕಿದರೆ ಹಿಂದಿನ ತೋಟದವನ ಕಾಯಿ ಮರದಲ್ಲೇ ಉಳಿಯುತ್ತದೆ. ಆಗ ಊರಿನ ಹಿರಿಯರು ಕೇಳುವ ಮೊದಲ ಪ್ರಶ್ನೆ 'ಜಮೀನು ಯಾರದು' ಎಂದಲ್ಲ, 'ನಕಾಶೆಯಲ್ಲಿ ದಾರಿ ಇದೆಯಾ' ಎಂದು. ತಹಸೀಲ್ದಾರರ ಕಚೇರಿಯಲ್ಲಿ ಈ ಒಂದು ಪ್ರಶ್ನೆಯ ಮೇಲೆ ನಡೆಯುವ ತಕರಾರುಗಳಿಗೆ ಲೆಕ್ಕವಿಲ್ಲ. ಕಡಲತೀರದ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಆಶ್ಚರ್ಯವೆಂದರೆ ಕಾನೂನು ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ಗೆರೆಯಿಂದ 500 ಮೀಟರ್ ವರೆಗಿನ ತೀರವನ್ನು ಕಟ್ಟಡಗಳಿಂದ ಮುಕ್ತವಾಗಿಡಬೇಕೆಂದು ಸೂಚಿಸಿದರು. ಹತ್ತು ವರ್ಷದ ನಂತರ, 1991ರ ಫೆಬ್ರವರಿ 19ರಂದು, ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಸಿಆರ್‌ಝಡ್ ಎಂದು ಎಲ್ಲರ ಬಾಯಲ್ಲಿರುವುದು ಇದೇ. 500 ಮೀಟರ್ ವರೆಗೆ ನಿಯಂತ್ರಣ. ಹಳ್ಳಿಗಾಡಿನ ತೀರದಲ್ಲಿ ಮೊದಲ 200 ಮೀಟರ್ ಹೊಸ ನಿರ್ಮಾಣಕ್ಕೆ ನಿಷೇಧ. ಬೀಚ್ ರೆಸಾರ್ಟುಗಳಿಗೆಂದೇ ಅದರಲ್ಲಿ ಒಂದು ಅನುಬಂಧವಿದೆ. ಬೇಲಿ ಹಾಕಿದರೂ ಜನ ಕಡಲಿಗೆ ಹೋಗುವುದಕ್ಕೆ ಅಡ್ಡಿಯಾಗಬಾರದು. ಎರಡು ರೆಸಾರ್ಟುಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ಜಾಗ ಸಾರ್ವಜನಿಕರ ಓಡಾಟಕ್ಕೆ ಬಿಡಬೇಕು. ಭರತದ ಗೆರೆಯಿಂದ 200 ಮೀಟರ್ ಒಳಗೆ ಅಂತರ್ಜಲ ಎತ್ತಬಾರದು.

ಇಪ್ಪತ್ತು ಮೀಟರ್ ಎಂದರೆ ಎರಡು ಬಸ್ಸುಗಳು ಧಾರಾಳವಾಗಿ ಎದುರುಬದುರು ಹಾಯುವಷ್ಟು ಅಗಲ. ಯಾವುದಾದರೂ ರೆಸಾರ್ಟಿನ ಪಕ್ಕದ ಓಣಿಯಲ್ಲಿ ನಿಂತು ಎರಡು ಕೈ ಚಾಚಿ ನೋಡಿ. ಕಾನೂನಿಗೂ ಗೋಡೆಗೂ ನಡುವಿನ ಅಂತರ ಅಲ್ಲೇ ತಿಳಿಯುತ್ತದೆ. ನೀರಿನ ನಿಯಮವೂ ಸುಮ್ಮನೆ ಬರೆದದ್ದಲ್ಲ. ತೀರದ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಈಜುಕೊಳಕ್ಕೂ ಹುಲ್ಲುಹಾಸಿಗೂ ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೇರಿ ಪಕ್ಕದ ಮನೆಯ ಬಾವಿ ಕೆಡುತ್ತದೆ. ಸಾವಿರ ಅಡಿ ಕೊರೆಸಿಯೂ ನೀರು ಸಿಗದೆ, ಸುಳಿ ಒಣಗಿ ನಿಂತ ತೆಂಗನ್ನು ಕಂಡಿರುವ ನಮಗೆ ಈ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಬ್ಬನ ಕೊಳವೆಬಾವಿ ಇನ್ನೊಬ್ಬನ ಬಾವಿಯನ್ನು ಕುಡಿಯುತ್ತದೆ ಎಂಬುದು ಇಲ್ಲಿ ಎಲ್ಲರೂ ಅನುಭವಿಸಿದ ಪಾಠ.

ದಾರಿಯ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಿದೆ. ಗೋವಾದ ದೋನಾ ಪಾವ್ಲಾ ಬಳಿ ವಾಯ್ಂಗಿಣಿ ಎಂಬ ಪುಟ್ಟ ಕಡಲತೀರವಿದೆ. ಅಲ್ಲಿ ಪ್ರವಾಸೋದ್ಯಮದ ಹೆಸರಿನಲ್ಲಿ ಸರ್ಕಾರವೇ ಭೂಮಿಯನ್ನು ಸ್ವಾಧೀನಪಡಿಸಿ ಒಂದು ಹೋಟೆಲ್ ಸಂಸ್ಥೆಗೆ ಕೊಟ್ಟಿತು. ಜನ ಕಡಲಿಗೆ ಹೋಗುವ ದಾರಿ ತೆರೆದಿರಬೇಕು ಎಂಬುದು ಒಪ್ಪಂದದ ಷರತ್ತು. ಕಟ್ಟಡ ಎದ್ದದ್ದು ಆ ದಾರಿಯ ಮೇಲೆಯೇ. ಸ್ಥಳೀಯರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದರು. 2009ರ ಜನವರಿ 20ರಂದು ಸುಪ್ರೀಂ ಕೋರ್ಟು ಜನರ ಪರವಾಗಿ ತೀರ್ಪು ಕೊಟ್ಟು, ದಾರಿಗೆ ಅಡ್ಡವಾದ ಭಾಗವನ್ನು ಕೆಡವಬೇಕೆಂದು ಹೇಳಿತು. ಕಡಲತೀರ ಜನರ ಸ್ವತ್ತು, ಸರ್ಕಾರ ಅದರ ಪಾಲಕ ಮಾತ್ರ ಎಂಬ ತತ್ವವನ್ನು ಆ ತೀರ್ಪು ಎತ್ತಿ ಹಿಡಿಯಿತು. ಕಥೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಅದೇ ವರ್ಷ ಗೋವಾ ಸರ್ಕಾರ ಭೂಸ್ವಾಧೀನ ಕಾನೂನಿಗೇ ತಿದ್ದುಪಡಿ ತಂದು ಕಟ್ಟಡದ ನೆರವಿಗೆ ನಿಂತಿತು. ದಾರಿಗಾಗಿ ಜನ ಗೆದ್ದರೂ ಕಾನೂನು ತಿದ್ದುವ ಕೈ ಬೇರೆಯವರದಾಗಿತ್ತು.

ಕೇರಳದ ಒಂದು ಪ್ರಕರಣ ಬೇರೆ ರೀತಿಯಲ್ಲಿ ಮುಗಿಯಿತು. ಆಲಪ್ಪುಳ ಜಿಲ್ಲೆಯ ವೇಂಬನಾಡು ಹಿನ್ನೀರಿನ ನೆಡಿಯತುರುತ್ತು ಎಂಬ ಕಿರುದ್ವೀಪದಲ್ಲಿ 54 ವಿಲ್ಲಾಗಳ ಐಷಾರಾಮಿ ರೆಸಾರ್ಟು ಎದ್ದಿತ್ತು. ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ನೀರಿನಲ್ಲಿ ಗೂಟ ನೆಟ್ಟು ಬಲೆ ಕಟ್ಟಿ ಬದುಕುವ ಸಾಮಾನ್ಯ ಮೀನುಗಾರರಿದ್ದರು. 2013ರಲ್ಲಿ ಕೇರಳ ಹೈಕೋರ್ಟು ಕೆಡವಲು ಆದೇಶಿಸಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಖಾಯಂ ಮಾಡಿತು. 2022ರ ಸೆಪ್ಟೆಂಬರಿನಲ್ಲಿ ಕೆಡವುವ ಕೆಲಸ ಶುರುವಾಯಿತು. ಕೋಟಿ ಕೋಟಿ ರೂಪಾಯಿಯ ಕಟ್ಟಡ ನೆಲಕ್ಕುರುಳಿದ್ದು ಸಂಭ್ರಮಪಡುವ ವಿಷಯವಲ್ಲ. ಅಷ್ಟು ಸಿಮೆಂಟು, ಅಷ್ಟು ಶ್ರಮ ವ್ಯರ್ಥವಾಯಿತು. ಕಟ್ಟುವ ಮುಂಚೆ ಆ ಮೀನುಗಾರರ ಮಾತು ಕೇಳಿದ್ದರೆ ಕೆಡವುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದಷ್ಟೇ ಇಲ್ಲಿನ ಪಾಠ.

ಕನ್ನಡಿಗರಿಗೆ ಇನ್ನೂ ಹತ್ತಿರದ್ದು ಕಾಸರಗೋಡಿನ ಬೇಕಲ. ಕೆಳದಿಯ ಶಿವಪ್ಪನಾಯಕನ ಹೆಸರಿನೊಂದಿಗೆ ಬೆಸೆದಿರುವ ಆ ಕೋಟೆಯ ಸುತ್ತಲಿನ ತೀರವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ವಲಯವೆಂದು ಸಾರಲಾಯಿತು. 1995ರಲ್ಲಿ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ ಹುಟ್ಟಿತು. ಸರ್ಕಾರವೇ ಭೂಮಿ ಸ್ವಾಧೀನಪಡಿಸಿಕೊಂಡು ಹೋಟೆಲು ಕಂಪನಿಗಳಿಗೆ ಗುತ್ತಿಗೆಗೆ ಕೊಡುವ ಪದ್ಧತಿ ಅಲ್ಲಿಯೂ ನಡೆಯಿತು. ಮನೆ, ತೋಟ, ದೋಣಿ ನಿಲ್ಲಿಸುವ ಜಾಗ ಹೋಗುತ್ತದೆಂಬ ಆತಂಕದಿಂದ 1990ರ ದಶಕದಲ್ಲಿ ಜನ ವಿರೋಧಿಸಿದರು. ನಿಗಮ ಹುಟ್ಟಿ ಹದಿನೈದು ವರ್ಷದ ಹೊತ್ತಿಗೆ ದೊಡ್ಡ ರೆಸಾರ್ಟುಗಳು ಬಾಗಿಲು ತೆರೆದವು. ಆ ಸೀಮೆಯಲ್ಲಿ ಮುಸ್ಲಿಮರು, ಮೊಗವೀರರು, ತೀಯರು ಒಬ್ಬರ ಪಕ್ಕದಲ್ಲಿ ಒಬ್ಬರು ತೆಂಗಿನ ನೆರಳಲ್ಲಿ ಬದುಕಿದವರು. 'ಸಾರ್ವಜನಿಕ ಉದ್ದೇಶ'ಕ್ಕೆಂದು ಬಡವನ ಹತ್ತು ಸೆಂಟ್ಸ್ ಜಾಗ ತೆಗೆದುಕೊಂಡು, ಸಾರ್ವಜನಿಕರು ಕಾಲಿಡಲಾಗದ ಹುಲ್ಲುಹಾಸು ಮಾಡುವುದು ಯಾವ ನ್ಯಾಯ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಈ ನಡುವೆ ಕಾನೂನಿನ ಗೆರೆಯೂ ಕಡಲಿನ ಕಡೆಗೆ ಸರಿಯುತ್ತಾ ಬಂದಿದೆ. 1994ರಲ್ಲಿ ಕೇಂದ್ರ ಸರ್ಕಾರ 1991ರ ಅಧಿಸೂಚನೆಯನ್ನು ಸಡಿಲಿಸಿತು. 1996ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಸಡಿಲಿಕೆಯ ಮುಖ್ಯ ಭಾಗವನ್ನು ರದ್ದುಮಾಡಿತು. 2011ರಲ್ಲಿ ಹೊಸ ಅಧಿಸೂಚನೆ, 2019ರ ಜನವರಿಯಲ್ಲಿ ಮತ್ತೊಂದು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಾಡಿನ ತೀರಕ್ಕೆ ನಿಷೇಧ ವಲಯ 200 ಮೀಟರ್‌ನಿಂದ 50 ಮೀಟರಿಗೆ ಇಳಿಯಿತು. ನಿಷೇಧ ವಲಯದೊಳಗೂ, ಭರತದ ಗೆರೆಯಿಂದ 10 ಮೀಟರ್ ಬಿಟ್ಟು, ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲು, ಶೌಚಾಲಯಗಳಿಗೆ ಅವಕಾಶ ಬಂತು. ಒತ್ತೊತ್ತಾಗಿ ಬದುಕುವ ಮೀನುಗಾರರು ಮನೆ ಕಟ್ಟಿಕೊಳ್ಳಲಿ ಎಂಬುದು ಇದಕ್ಕೆ ಕೊಟ್ಟ ಒಂದು ಸಮರ್ಥನೆ. ಆ ಕಷ್ಟ ಸುಳ್ಳಲ್ಲ. ಹಳೆಯ ನಿಯಮದಿಂದ ಬಡ ಮೀನುಗಾರ ಮನೆ ರಿಪೇರಿಗೂ ಪರದಾಡಿದ್ದು ನಿಜ. ಆದರೆ ಬಡವನ ಒಂದು ಕೋಣೆಗೆಂದು ತೆರೆದ ಬಾಗಿಲಲ್ಲಿ ದುಡ್ಡಿದ್ದವನ ನೂರು ಕೋಣೆಗಳು ಮೊದಲು ನುಗ್ಗುತ್ತವೆ. ಮನೆಗೊಂದು ನಿಯಮ, ರೆಸಾರ್ಟಿಗೊಂದು ನಿಯಮ ಎಂದು ಬೇರೆ ಮಾಡಿದರೆ ಮಾತ್ರ ಆ ಸಮರ್ಥನೆಗೆ ಬೆಲೆ.

ಇದು ಕಡಲಿನ ಮಾತು ಮಾತ್ರ ಎಂದುಕೊಂಡರೆ ನಾವು ಮೋಸಹೋಗುತ್ತೇವೆ. ನಮ್ಮ ಸೀಮೆಗೆ ಕಡಲಿಲ್ಲ, ಕೆರೆಗಳಿವೆ. ನೊಣವಿನಕೆರೆ, ಮಲ್ಲಾಘಟ್ಟ, ಇನ್ನೂ ಊರಿಗೊಂದರಂತೆ ಹೆಸರಿರುವ, ಹೆಸರಿಲ್ಲದ ಕೆರೆಗಳು. ಕೆರೆಯ ಅಂಗಳ, ಗೋಮಾಳ, ಗುಂಡುತೋಪು ಇವೇ ನಮ್ಮ ಕಡಲತೀರ. ದನ ಮೇಯಿಸುವವನಿಗೂ, ಬಟ್ಟೆ ಒಗೆಯುವವಳಿಗೂ, ಮೀನು ಹಿಡಿಯುವವನಿಗೂ ಅಲ್ಲಿ ಹಕ್ಕಿತ್ತು. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಅಂಚನ್ನು ಕಾಯ್ದಿರಿಸಿತ್ತು. 2025ರ ಆಗಸ್ಟಿನಲ್ಲಿ ಅದಕ್ಕೊಂದು ತಿದ್ದುಪಡಿ ಮಸೂದೆ ವಿಧಾನಮಂಡಲದಲ್ಲಿ ಅಂಗೀಕಾರವಾಯಿತು. ಎಲ್ಲ ಕೆರೆಗೂ ಒಂದೇ ಅಂಚು ಬೇಡ, ಕೆರೆ ಚಿಕ್ಕದಾದಂತೆ ಅಂಚೂ ಚಿಕ್ಕದಾಗಲಿ ಎಂಬುದು ಅದರ ಹೂರಣ. ಕಡಲಿಗೆ 200ರಿಂದ 50, ಕೆರೆಗೆ 30ರಿಂದ ಇಳಿಕೆ. ಎರಡೂ ಕಡೆ ಯೋಚನೆಯ ಧಾಟಿ ಒಂದೇ: ನೀರಿನ ಪಕ್ಕದ ನೆಲ ಸುಮ್ಮನೆ ಬಿದ್ದಿದೆ, ಅದು ದುಡಿಯಲಿ. ನೀರಿನ ಪಕ್ಕದ ನೆಲ ಸುಮ್ಮನೆ ಬಿದ್ದಿರುವುದೇ ಅದರ ದುಡಿಮೆ ಎಂದು ಹೇಳುವವರಿಲ್ಲ. 2011ರ ಜನವರಿಯಲ್ಲಿ ಪಂಜಾಬಿನ ಒಂದು ಹಳ್ಳಿಯ ಕೊಳದ ಒತ್ತುವರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಊರೊಟ್ಟಿನ ನೆಲವನ್ನು ಒತ್ತುವರಿದಾರರಿಂದ ಬಿಡಿಸಿ ಗ್ರಾಮಕ್ಕೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತ್ತು. ಅದನ್ನು ನಾವು ಎಷ್ಟು ಪಾಲಿಸಿದ್ದೇವೆ ಎಂಬುದಕ್ಕೆ ನಮ್ಮ ಊರಿನ ಗೋಮಾಳವೇ ಸಾಕ್ಷಿ.

ಮತ್ತೆ ಬಿ.ಎಚ್. ರಸ್ತೆಯ ಕೊನೆಗೆ ಬರೋಣ. ಹೊನ್ನಾವರದಿಂದ ಶರಾವತಿಯ ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ, ಪಡುಬಿದ್ರಿಯ ಜತೆಗೆ, ಬ್ಲೂ ಫ್ಲ್ಯಾಗ್ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಸ್ವಚ್ಛತೆ, ಸುರಕ್ಷತೆ, ಶೌಚಾಲಯ ಇವನ್ನೆಲ್ಲ ನೋಡಿ ಕೊಡುವ ಮಾನ್ಯತೆ, ಸಂತೋಷದ ಸಂಗತಿ. ಅದೇ ಕಾಸರಕೋಡಿನ ಟೊಂಕದಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಮೀನುಗಾರರು ಖಾಸಗಿ ವಾಣಿಜ್ಯ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಡುತ್ತಾ ಬಂದಿದ್ದಾರೆ. 2022ರ ಜನವರಿಯಲ್ಲಿ ಬಂದರಿನ ರಸ್ತೆ ಕೆಲಸಕ್ಕೆ ಪೊಲೀಸ್ ಕಾವಲು ಬಂದಾಗ ಮುಂದೆ ನಿಂತವರಲ್ಲಿ ಒಣಮೀನು ಮಾಡಿ ಬದುಕುವ ಹೆಂಗಸರೂ ಇದ್ದರು. ಬಂದರು ರೆಸಾರ್ಟಲ್ಲ, ನಿಜ. ಆದರೆ ಮರಳಿನ ಮೇಲೆ ಬದುಕುವವರಿಗೆ ಎರಡೂ ಒಂದೇ ರೀತಿಯಲ್ಲಿ ಬರುತ್ತವೆ: ಮೊದಲು ಸರ್ವೆ, ಆಮೇಲೆ ಬೇಲಿ, ಆಮೇಲೆ 'ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ' ಎಂಬ ಫಲಕ. ಕಾರವಾರದಲ್ಲಿ ನೌಕಾನೆಲೆಗೆ ಹಲವು ತೀರಗಳನ್ನು ಬಿಟ್ಟುಕೊಟ್ಟ ಜನ, ಬಂದರು ವಿಸ್ತರಣೆಯಿಂದ ರವೀಂದ್ರನಾಥ ಟ್ಯಾಗೋರ್ ಕಡಲತೀರವೂ ಹೋದೀತೆಂದು 2020ರ ಜನವರಿಯಲ್ಲಿ ಬೀದಿಗಿಳಿದದ್ದೂ ಇದೇ ಭಯದಿಂದ.

ರೆಸಾರ್ಟುಗಳಿಂದ ಉದ್ಯೋಗ ಬರುತ್ತದೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಕರಾವಳಿಯ ಹುಡುಗರು ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋಗಿ ವರ್ಷಗಟ್ಟಲೆ ತಾಯಿಯ ಮುಖ ಕಾಣದೆ ದುಡಿದ ಕಥೆ ನಮ್ಮ ಓದುಗರಿಗೆ ಗೊತ್ತಿದೆ. ಊರಲ್ಲೇ ಕೆಲಸ ಸಿಗುವುದಾದರೆ ಬೇಡ ಎನ್ನಲು ನಾವು ಯಾರು? ಆದರೆ ಲೆಕ್ಕ ಪೂರ್ತಿ ಹಾಕಬೇಕು. ರೆಸಾರ್ಟಿನಲ್ಲಿ ಸಿಕ್ಕ ಕೆಲಸ ಎಷ್ಟು, ಆ ಕೆಲಸ ಯಾರಿಗೆ, ಎಷ್ಟು ತಿಂಗಳಿಗೆ? ತೀರ ಮುಚ್ಚಿದ್ದರಿಂದ ಹೋದ ಕೆಲಸ ಎಷ್ಟು? ಮೀನು ಒಣಗಿಸುತ್ತಿದ್ದ ಹೆಂಗಸು, ಚುರುಮುರಿ ಮಾರುತ್ತಿದ್ದ ಹುಡುಗ, ಮನೆಯಲ್ಲೇ ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದ ಸಂಸಾರ ಇವರಾರೂ ಯೋಜನಾ ವರದಿಯ ಲೆಕ್ಕಕ್ಕೆ ಸಿಗುವವರಲ್ಲ. ಕೂಡುವ ಲೆಕ್ಕ ಮಾತ್ರ ಹಾಕಿ ಕಳೆಯುವ ಲೆಕ್ಕ ಬಿಟ್ಟರೆ ಅದು ಲೆಕ್ಕವಲ್ಲ, ಜಾಹೀರಾತು.

ಇನ್ನೊಂದು ಮಾತನ್ನೂ ನಾವು ಪ್ರಾಮಾಣಿಕವಾಗಿ ಹೇಳಬೇಕು. ರೆಸಾರ್ಟುಗಳು ಬೆಳೆಯುವುದಕ್ಕೆ ಹಣದ ಬಲ ಮಾತ್ರ ಕಾರಣವಲ್ಲ. ಸಾರ್ವಜನಿಕ ಕಡಲತೀರವನ್ನು ನಾವು ಅನಾಥವಾಗಿ ಬಿಟ್ಟದ್ದೂ ಕಾರಣ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅವರೂ ನಮ್ಮ ಮಕ್ಕಳಂತೆಯೇ ಕಡಲಿಲ್ಲದ ಊರಿನ ಮಕ್ಕಳು. ಅಲೆಯ ಸೆಳೆತ ಅವರಿಗೆ ತಿಳಿಯದು; ತಿಳಿಸಿ ಹೇಳುವ, ತಡೆಯುವ, ಧುಮುಕಿ ಎಳೆದು ತರುವ ತರಬೇತಾದ ಕಾವಲುಗಾರರು ಪ್ರತಿ ಸಾರ್ವಜನಿಕ ತೀರದಲ್ಲೂ ಸಾಕಷ್ಟು ಇರಬೇಡವೇ? ಅದಕ್ಕೂ ಒಂದು ತಿಂಗಳ ಹಿಂದೆ ಉಳ್ಳಾಲದ ಬಳಿಯ ಬೀಚ್ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತಿದ್ದರು. ಗೋಡೆ ಕಟ್ಟಿದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ. ಅದು ಬರುವುದು ಕಾಯುವ ಮನುಷ್ಯರಿಂದ.

ಸಿಮೆಂಟಿನ ಗೋಡೆ ಅಲ್ಲದ ಇನ್ನೊಂದು ಗೋಡೆಯೂ ಕರಾವಳಿಯಲ್ಲಿ ಎದ್ದಿದೆ. 2023ರ ಜೂನ್ 1ರಂದು ಸೋಮೇಶ್ವರದ ಕಡಲತೀರದಲ್ಲಿ ವಿದ್ಯಾರ್ಥಿಗಳ ಗುಂಪೊಂದರ ಮೇಲೆ, ಮುಸ್ಲಿಮ್ ಹುಡುಗರೂ ಹಿಂದೂ ಹುಡುಗಿಯರೂ ಜತೆಗಿದ್ದಾರೆ ಎಂಬ ಕಾರಣಕ್ಕೆ ಹಲ್ಲೆ ನಡೆಯಿತು. ಯಾರ ಜತೆ ಯಾರು ಕೂರಬೇಕೆಂದು ಕೇಳುವ ಪುಂಡರು ಮರಳಿನ ಮೇಲೆ ಕಾವಲಿದ್ದರೆ ಅದು ಸಾರ್ವಜನಿಕ ತೀರವಾಗಿ ಉಳಿಯುವುದಿಲ್ಲ. ಆಗ ದುಡ್ಡಿದ್ದವರು ರೆಸಾರ್ಟಿನ ಗೋಡೆಯೊಳಗೆ ನೆಮ್ಮದಿ ಕೊಳ್ಳುತ್ತಾರೆ. ದುಡ್ಡಿಲ್ಲದವರು ಕಡಲನ್ನೇ ಬಿಡುತ್ತಾರೆ. ಬುರ್ಖಾ ತೊಟ್ಟ ತಾಯಿಯೂ, ಸೆರಗು ಹೊದ್ದ ಅಜ್ಜಿಯೂ, ಜೀನ್ಸ್ ತೊಟ್ಟ ಹುಡುಗಿಯೂ ಒಂದೇ ಅಲೆಗೆ ಕಾಲೊಡ್ಡಿ ನಗುವಷ್ಟು ಧೈರ್ಯ ಇರುವಲ್ಲಿ ಮಾತ್ರ ಕಡಲತೀರ ಸಾರ್ವಜನಿಕ. ರೆಸಾರ್ಟಿನ ಗೋಡೆಯನ್ನು ವಿರೋಧಿಸುವವರು ಈ ಗೋಡೆಯ ಬಗ್ಗೆ ಸುಮ್ಮನಿದ್ದರೆ ಅವರ ವಿರೋಧಕ್ಕೆ ಅರ್ಧ ಬೆಲೆಯೂ ಇಲ್ಲ.

1996ರ ಡಿಸೆಂಬರಿನಲ್ಲಿ ಹಿಮಾಚಲದ ಬಿಯಾಸ್ ನದಿಯ ದಡದ ಮೋಟೆಲ್ ಒಂದಕ್ಕೆ ಕೊಟ್ಟ ಗುತ್ತಿಗೆಯನ್ನು ರದ್ದುಮಾಡುತ್ತಾ ಸುಪ್ರೀಂ ಕೋರ್ಟು ಒಂದು ಹಳೆಯ ತತ್ವವನ್ನು ನೆನಪಿಸಿತು. ಗಾಳಿ, ಹರಿಯುವ ನೀರು, ಕಡಲು, ಕಡಲತೀರ ಇವು ಎಲ್ಲರವು ಎಂದು ರೋಮನ್ನರ ಕಾನೂನು ನಂಬಿತ್ತು. ನೀರು, ಹುಲ್ಲುಗಾವಲು, ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರು ಎಂಬುದು ಪ್ರವಾದಿಯವರ ಬೋಧನೆಯಲ್ಲೂ ಇದೆ. ಕೆರೆ ಕಟ್ಟಿಸುವುದನ್ನು ಪುಣ್ಯವೆಂದೂ, ಕೆರೆಯ ದಾರಿ ಕಟ್ಟುವುದನ್ನು ಪಾಪವೆಂದೂ ನಮ್ಮ ಹಳ್ಳಿಗಳು ತಿಳಿದಿದ್ದವು. ನ್ಯಾಯಾಲಯ ಹೇಳಿದ ಮಾತಿಗೆ ನಮ್ಮ ಮನೆಮಾತಿನಲ್ಲಿ ಒಂದು ಒಳ್ಳೆಯ ಪದವಿದೆ: ಅಮಾನತ್. ನಂಬಿ ಒಪ್ಪಿಸಿದ್ದು. ಅಮಾನತ್ತಾಗಿ ಇಟ್ಟುಕೊಂಡದ್ದನ್ನು ಕಾಪಾಡಿ ಮರಳಿ ಒಪ್ಪಿಸಬೇಕೇ ಹೊರತು ಮಾರುವ ಅಧಿಕಾರ ಇಟ್ಟುಕೊಂಡವನಿಗಿಲ್ಲ. ಸರ್ಕಾರದ ಕೈಯಲ್ಲಿ ಕಡಲತೀರ ಇರುವುದು ಹೀಗೆ. ಕೆರೆಯಂಗಳ ಇರುವುದೂ ಹೀಗೆಯೇ.

ಹಾಗಾಗಿ ನಾವು ಕೇಳುವುದು ದೊಡ್ಡದೇನಲ್ಲ. ರೆಸಾರ್ಟೇ ಬೇಡ ಎಂಬ ಹಟ ನಮಗಿಲ್ಲ. ಕಡಲಿಗೆ ಹೋಗುವ ಪ್ರತಿಯೊಂದು ದಾರಿಯನ್ನೂ ಪಂಚಾಯಿತಿಯವರು ಜನರೆದುರು ಅಳೆದು, ನಕಾಶೆಯಲ್ಲಿ ಗುರುತಿಸಿ, ಕಲ್ಲು ನೆಟ್ಟು, ದಾರಿಯ ಬಾಯಲ್ಲಿ ಕನ್ನಡದ ಫಲಕ ಹಾಕಲಿ. ಆ ನಕಾಶೆ ಸಿದ್ಧವಾಗುವ ಮುಂಚೆ ಯಾವ ರೆಸಾರ್ಟಿಗೂ ಪರವಾನಗಿ ಬೇಡ. ಪರವಾನಗಿಯ ಅಹವಾಲು ಸಭೆ ಜಿಲ್ಲಾ ಕೇಂದ್ರದ ಹವಾನಿಯಂತ್ರಿತ ಕೋಣೆಯಲ್ಲಲ್ಲ, ಮೀನುಗಾರರ ಕೇರಿಯಲ್ಲಿ ನಡೆಯಲಿ. ಪ್ರವಾಸೋದ್ಯಮದ ಹಣದಲ್ಲಿ ಮೊದಲ ಪಾಲು ಸಾರ್ವಜನಿಕ ತೀರದ ಶೌಚಾಲಯಕ್ಕೆ, ಕುಡಿಯುವ ನೀರಿಗೆ, ಜೀವರಕ್ಷಕರ ಸಂಬಳಕ್ಕೆ ಹೋಗಲಿ. ಇದೇ ಮಾತನ್ನು ನಾವು ನಮ್ಮ ಊರಿನ ಕೆರೆಗೂ ಹೇಳಬೇಕು. ನಮ್ಮ ಕೆರೆಯ ಅಂಚು ಕಾಯದೆ ಹೊನ್ನಾವರದ ಮರಳಿಗೆ ಮರುಗಿದರೆ ಅದು ಬರೀ ಮಾತಾಗುತ್ತದೆ. ನಮ್ಮ ಊರಿನ ಕೆರೆಯ ನಕಾಶೆಯನ್ನು ಕೊನೆಯ ಸಲ ಬಿಡಿಸಿ ನೋಡಿದ್ದು ಯಾವಾಗ ಎಂದು ಮುಂದಿನ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಲಿ.

ಮುಂದಿನ ಡಿಸೆಂಬರಿನಲ್ಲಿಯೂ ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಮಕ್ಕಳು ಹಾಡುತ್ತಾ ಹೋಗುತ್ತಾರೆ. ಆ ಬಸ್ಸು ಕಡಲಿನ ಹತ್ತಿರ ನಿಂತಾಗ ಅವರ ಎದುರಿಗೆ ತೆರೆದ ದಾರಿ ಇರಬೇಕು, ದಡದಲ್ಲಿ ಅವರನ್ನು ಕಾಯುವವರಿರಬೇಕು.